ಮೇಷ್ಟ್ರು ನನ್ನ ಪುಸ್ತಕ ವಿಮರ್ಶೆ ಮಾಡಿದ್ದು

ತಾನು ಬರೆದ ಪುಸ್ತಕವನ್ನು ಅದರ ವಿಮರ್ಶಕರ ಮುಂದೆ ಕೂತು, ಮೊದಲ ಪುಟದಿಂದ ಕೊನೆಯ ಪುಟದವರೆಗೆ ತಾನೇ ಗಟ್ಟಿಯಾಗಿ ಓದಿದ ಲೇಖಕಿ ಬಹುಶಃ ನಾನೊಬ್ಬಳೇ. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಈ ಸುದ್ದಿ ಎತ್ತಿದರೆ ಈಗಲೂ ಎಲ್ಲರೂ ನಗುತ್ತಾರೆ. ನಗಲಿ. ಈಗ ನನಗೂ ನಗು ಬರುತ್ತದೆ, ಆಗ ಬಂದಿರಲಿಲ್ಲ.

ನಾನು ಚಳ್ಳಕೆರೆಯ ಕಾಲೇಜೊಂದರಲ್ಲಿ ಚರಿತ್ರೆ ಪಾಠ ಮಾಡುತ್ತೇನೆ. ನನಗೆ ಚರಿತ್ರೆ ಕಲಿಸಿದ ಮೇಷ್ಟ್ರು ನಿವೃತ್ತರಾಗಿ ಮೊಳಕಾಲ್ಮೂರಿನ ತಮ್ಮ ಮನೆಯಲ್ಲಿದ್ದಾರೆ. ಓದಿದವರು ಎಂದರೆ ಪುಸ್ತಕ ಬರೆದಿರಬೇಕು ಎಂದು ನಮ್ಮ ಕಡೆ ಎಲ್ಲರ ಲೆಕ್ಕ. ಮೇಷ್ಟ್ರು ಒಂದೂ ಬರೆಯಲಿಲ್ಲ. ಅವರು ಬರೆದದ್ದೆಲ್ಲ ಬೇರೆಯವರ ಪುಸ್ತಕಗಳ ಮೇಲೆ. ಒಂದು ಸಂಶೋಧನಾ ತ್ರೈಮಾಸಿಕ ಪತ್ರಿಕೆಯಿಂದ ಒಂದೇ ವಿಷಯದ ಎರಡೋ ಮೂರೋ ಹೊಸ ಪುಸ್ತಕಗಳು ಅಂಚೆಯಲ್ಲಿ ಬರುತ್ತಿದ್ದವು. ಅವನ್ನು ಒಟ್ಟಿಗೆ ಓದಿ, ಯಾವುದು ಏನು ಹೇಳುತ್ತದೆ, ಎಲ್ಲಿ ಒಂದಕ್ಕೊಂದು ಕೂಡುತ್ತವೆ, ಎಲ್ಲಿ ಜಗಳವಾಡುತ್ತವೆ, ಮೂರರಲ್ಲಿ ಯಾರೂ ಕೇಳದೆ ಬಿಟ್ಟ ಪ್ರಶ್ನೆ ಯಾವುದು ಎಂದು ಅವರು ಉದ್ದನೆಯ ವಿಮರ್ಶಾ ಲೇಖನ ಬರೆಯುತ್ತಿದ್ದರು. ಆ ಪತ್ರಿಕೆ ಬಂದಾಗ ನಾನು ಮಿಕ್ಕ ಲೇಖನಗಳನ್ನು ಬಿಟ್ಟು ಕೊನೆಯ ಪುಟಗಳಿಂದಲೇ ಶುರುಮಾಡುತ್ತಿದ್ದೆ.

ಆಮೇಲೆ ನನ್ನನ್ನೂ ಅದೇ ಕೆಲಸಕ್ಕೆ ಹಚ್ಚಿದವರು ಅವರೇ. ನನ್ನ ಮೊದಲ ವಿಮರ್ಶೆಯ ಮೊದಲ ಸಾಲಿನಲ್ಲೇ ನಾನು ಲೇಖಕರ ತಪ್ಪು ಹಿಡಿದಿದ್ದೆ. ಬಹಳ ಚುರುಕಾಗಿ ಬರೆದಿದ್ದೇನೆ ಎಂಬ ಜಂಭ ಬೇರೆ. ಮೇಷ್ಟ್ರು ಹಾಳೆಯನ್ನು ವಾಪಸ್ ಕೊಟ್ಟು, ಆ ಮನುಷ್ಯ ಏನು ಹೇಳಿದ್ದಾನೆ ಅನ್ನೋದನ್ನ ಮೊದಲು ಅವನೇ ತಲೆದೂಗೋ ಹಾಗೆ ಹೇಳು, ನಿನ್ನ ತಕರಾರು ಆಮೇಲೆ ಎಂದರು. ಪುಟಸಂಖ್ಯೆ ಕೊಡದೆ ತಪ್ಪು ಎತ್ತಬಾರದು. ಹೊಗಳಿಕೆಗೂ ಪುಟಸಂಖ್ಯೆ ಕೊಡಬೇಕು. ‘ಗಮನಾರ್ಹ’, ‘ಮೌಲಿಕ’, ‘ಇನ್ನಷ್ಟು ವಿವರಗಳಿದ್ದರೆ ಚೆನ್ನಾಗಿತ್ತು’ ಇವೆಲ್ಲ ಮದುವೆ ಊಟ ಮುಗಿಸಿ ಕೈ ತೊಳೆಯುವಾಗ ಆಡುವ ಮಾತು, ವಿಮರ್ಶೆಯಲ್ಲ ಎನ್ನುತ್ತಿದ್ದರು.

ಅವರದ್ದು ಇನ್ನೊಂದು ಪದ್ಧತಿ ಇತ್ತು. ಬರೆಯಲು ಕೂರುವ ಮೊದಲು ಪುಸ್ತಕವನ್ನು ಹೆಂಡತಿಗೆ ಒಪ್ಪಿಸಬೇಕು. ಆಕೆ ಪ್ರೈಮರಿ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಬೀದಿಗೆಲ್ಲ ಟೀಚರಮ್ಮ, ನನಗೂ ಟೀಚರಮ್ಮ. ತವರು ಗಡಿಯಾಚೆ ಆಂಧ್ರದ ಹಳ್ಳಿ, ಹಾಗಾಗಿ ಸಿಟ್ಟು, ಮುದ್ದು, ಲೆಕ್ಕ ಮೂರೂ ತೆಲುಗಿನಲ್ಲಿ. ಅವರು ಸೊಪ್ಪು ಬಿಡಿಸುತ್ತ ಕೂತಿರುವಾಗ ಮೇಷ್ಟ್ರು ಶಾಲೆ ಹುಡುಗರ ಹಾಗೆ ಎದುರು ಕೂತು, ಪುಸ್ತಕದ ವಾದವನ್ನು ಪಾಠದಂತೆ ಒಪ್ಪಿಸುತ್ತಿದ್ದರು. ಟೀಚರಮ್ಮ ನಡುವೆ ತಲೆ ಎತ್ತದೆ, “ಅದಕ್ಕೇನೀಗ?” ಎಂದು ಕೇಳುತ್ತಿದ್ದರು. ಅದಕ್ಕೆ ಉತ್ತರ ಸಿಗದಿದ್ದರೆ ಮೇಷ್ಟ್ರು ಎದ್ದು ಹೋಗಿ ಪುಸ್ತಕವನ್ನು ಇನ್ನೊಮ್ಮೆ ಓದುತ್ತಿದ್ದರು. ಎಂಥೆಂಥ ವಿದ್ವಾಂಸರ ಪುಸ್ತಕಗಳು ಆ ಸೊಪ್ಪಿನ ಮೊರದ ಮುಂದೆ ಹಾಜರಾಗಿ ಹೋಗಿವೆ ಎಂದು ನೆನೆಸಿಕೊಂಡರೆ ನನಗೆ ಖುಷಿಯಾಗುತ್ತದೆ.

ಕೆಲವು ವರ್ಷಗಳ ಹಿಂದೆ ಮೇಷ್ಟ್ರ ಕಣ್ಣು ಕೈಕೊಟ್ಟಿತು. ನೋಟದ ನಡುಭಾಗ ಮಸುಕಾಗಿ, ಸುತ್ತಲಿನದ್ದಷ್ಟೇ ಉಳಿಯಿತು. ಬಾಗಿಲು ಕಾಣುತ್ತದೆ, ಬಾಗಿಲಲ್ಲಿ ನಿಂತವರ ಮುಖ ಕಾಣುವುದಿಲ್ಲ. ಬಸ್ಸು ಕಾಣುತ್ತದೆ, ಬೋರ್ಡು ಕಾಣುವುದಿಲ್ಲ. ಅಕ್ಷರದ ಮಾತಂತೂ ಮುಗಿದೇ ಹೋಯಿತು. ಆಪರೇಷನ್ನಿನಿಂದ ಸರಿಹೋಗುವಂಥದ್ದಲ್ಲ ಎಂದು ಡಾಕ್ಟರು ಹೇಳಿದರು. ಪುಸ್ತಕ ಓದಿ ಹೇಳುವ ಆ್ಯಪ್ ಒಂದನ್ನು ನಾನೇ ಅವರ ಫೋನಿಗೆ ಹಾಕಿಕೊಟ್ಟೆ. ಒಂದು ವಾರ ಕೇಳಿ ಬಿಟ್ಟುಬಿಟ್ಟರು. ಆ ಹೆಣ್ಣುಮಗಳು ಅಡಿಟಿಪ್ಪಣಿಯನ್ನೂ ಮೇಲಿನ ವಾಕ್ಯವನ್ನೂ ಒಂದೇ ಉಸಿರಿನಲ್ಲಿ ಕಲಸಿಬಿಡುತ್ತಾಳೆ ಎಂದು ಅವರ ದೂರು. ಟೀಚರಮ್ಮನಿಗೆ ಸ್ವಲ್ಪ ಓದಿದರೆ ಗಂಟಲು ಕಟ್ಟುತ್ತಿತ್ತು. ಹಾಗಾಗಿ ಭಾನುವಾರ ಬೆಳಿಗ್ಗೆ ನಾನು ಚಳ್ಳಕೆರೆಯಿಂದ ಬಸ್ಸು ಹತ್ತಿ ಹೋಗುವುದು, ಓದುವುದು, ಅವರು ಹೇಳಿದ್ದನ್ನು ಬರೆದುಕೊಳ್ಳುವುದು ರೂಢಿಯಾಯಿತು. ಮಧ್ಯಾಹ್ನ ಅಲ್ಲೇ ಮುದ್ದೆ ಉಂಡು ಸಂಜೆ ಬಸ್ಸಿಗೆ ವಾಪಸ್.

ಆ ಹೊತ್ತಿಗೆ ನನ್ನ ಪುಸ್ತಕವೂ ಅಚ್ಚಾಗಿತ್ತು. ನಮ್ಮ ಸೀಮೆಗೆ ಶೇಂಗಾ ಬಂದ ಕಥೆ, ಎಣ್ಣೆ ಮಿಲ್ಲುಗಳ ಕಥೆ. ನಾನು ಮಿಲ್ಲಿನವರ ಮನೆಯವಳೇ. ತೀರಿಕೊಂಡ ನಮ್ಮಪ್ಪ ಚಳ್ಳಕೆರೆಯಲ್ಲಿ ಮಿಲ್ಲು ನಡೆಸುತ್ತಿದ್ದವರು. ನನ್ನ ಲಂಗದಿಂದ ಶೇಂಗಾ ಹಿಂಡಿಯ ವಾಸನೆ ಹೋದದ್ದೇ ನಾನು ಹಾಸ್ಟೆಲಿಗೆ ಹೋದ ಮೇಲೆ. ವರ್ಷಗಟ್ಟಲೆ ಕೂತು ಬರೆದ ಆ ಪುಸ್ತಕದ ಬಗ್ಗೆ ಯಾರೂ ಒಂದು ಮಾತು ಬರೆಯಲಿಲ್ಲ. ಕೆಲವು ಪತ್ರಿಕೆಗಳು ‘ಸ್ವೀಕೃತ ಪುಸ್ತಕಗಳು’ ಎಂಬಲ್ಲಿ ಪುಟ ಎಷ್ಟು, ಬೆಲೆ ಎಷ್ಟು ಎಂದು ಹಾಕಿ ಕೈತೊಳೆದುಕೊಂಡವು. ಅದರಿಂದ ನನ್ನ ನೌಕರಿಗೇನೂ ಆಗಬೇಕಿರಲಿಲ್ಲ. ಆದರೆ ಆ ಪುಸ್ತಕ ಬರೆಯುವಾಗೆಲ್ಲ ಒಬ್ಬರು ಓದುಗರನ್ನು ಮನಸ್ಸಿನಲ್ಲಿ ಕೂರಿಸಿಕೊಂಡೇ ಬರೆದಿದ್ದೆ. ಅವರಿಗೇ ಈಗ ಕಣ್ಣು ಕಾಣುತ್ತಿರಲಿಲ್ಲ. ಒಂದು ಪ್ರತಿ ಕೊಟ್ಟು ಬಂದಿದ್ದೆ, ಅದು ಅವರ ಟೇಬಲ್ಲಿನ ಮೇಲೆ ಹಾಗೇ ಇತ್ತು. ಬೇರೆಯವರ ಪುಸ್ತಕಗಳ ಸರದಿ ಬಿಟ್ಟು ನನ್ನದನ್ನು ಓದಲಾ ಎಂದು ಕೇಳಲು ನನಗೆ ಮುಜುಗರ.

ಹಾಗಿರುವಾಗ ಪತ್ರಿಕೆಯಿಂದ ಮೂರು ಪುಸ್ತಕಗಳ ಕಟ್ಟು ಬಂತು. ನಾನೇ ದಾರ ಕತ್ತರಿಸಿದೆ. ಮೊದಲನೆಯದು ಹತ್ತಿಯ ಮೇಲೆ, ಎರಡನೆಯದು ಸಂತೆ-ಮಂಡಿಗಳ ಮೇಲೆ. ಮೂರನೆಯದು ನನ್ನದು. ಹೆಸರು ಓದಿ ಹೇಳು ಅಂದರು. ಮೊದಲೆರಡನ್ನು ಹೇಳಿ ಸುಮ್ಮನಾದೆ. ಮೂರನೆಯದು ಯಾವುದಮ್ಮ ಎಂದು ಮೇಷ್ಟ್ರು ಮತ್ತೆ ಕೇಳಿದಾಗ, ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಟೀಚರಮ್ಮ, “ಏಮಂಡಿ, ಇವಳದೇ ಐತೆ,” ಎಂದು ನಕ್ಕರು.

ಮೇಷ್ಟ್ರು ಅಲ್ಲೇ ಸಂಪಾದಕರಿಗೆ ಫೋನು ಹಚ್ಚಿಸಿದರು. ಇವಳು ನನ್ನ ಶಿಷ್ಯೆ, ಸಾಲದ್ದಕ್ಕೆ ನನಗೆ ಓದಿ ಹೇಳುವವಳೂ ಇವಳೇ, ಈ ಪುಸ್ತಕ ಬೇರೆಯವರಿಗೆ ಕಳಿಸಿ ಎಂದರು. ಸಂಪಾದಕರು ಬಹಳ ಹೊತ್ತು ಮಾತಾಡಿದರು. ಮೂರನ್ನೂ ಒಟ್ಟಿಗೆ ತೂಗಬಲ್ಲವರು ಬೇರೆ ಯಾರೂ ಒಪ್ಪಿಲ್ಲವಂತೆ. ಇದ್ದ ವಿಷಯವನ್ನು ಲೇಖನದ ತಲೆಯಲ್ಲೇ ಬಿಚ್ಚಿ ಹೇಳಿಬಿಡಿ, ಓದುಗರು ಅದನ್ನು ತಿಳಿದುಕೊಂಡೇ ಓದಲಿ, ಇಲ್ಲವಾದರೆ ಈ ಪುಸ್ತಕ ನಮ್ಮಲ್ಲಿ ಬರುವುದೇ ಇಲ್ಲ ಎಂದರಂತೆ. ಮೇಷ್ಟ್ರು ಫೋನು ಇಟ್ಟು, ಕಣ್ಣುಜ್ಜಿಕೊಂಡು, ಸರಿ ಎಂದರು.

ಕೆಲವು ಭಾನುವಾರಗಳಲ್ಲಿ ಮೊದಲೆರಡು ಪುಸ್ತಕ ಮುಗಿಸಿ ನನ್ನದಕ್ಕೆ ಬಂದಾಗ ನನ್ನ ದನಿಯೇ ಬೇರೆಯಾಯಿತು. ನನಗೆ ಇಷ್ಟವಾದ ಸಾಲು ಬಂದಲ್ಲಿ ಸ್ವಲ್ಪ ನಿಲ್ಲುವುದು, ಚೆನ್ನಾಗಿದೆ ಅನ್ನಿಸಿದ ಪದವನ್ನು ಒತ್ತಿ ಹೇಳುವುದು ನನಗೆ ಗೊತ್ತಿಲ್ಲದೆಯೇ ನಡೆಯಿತು. ಮೇಷ್ಟ್ರು ಕೈ ಎತ್ತಿ ನಿಲ್ಲಿಸಿ, ಹತ್ತಿಯ ಪುಸ್ತಕವನ್ನ ಸರ್ಕಾರಿ ಆದೇಶ ಓದಿದ ಹಾಗೆ ಓದಿದೆಯಲ್ಲ, ಇದನ್ನೂ ಹಾಗೇ ಓದು, ಇಲ್ಲದಿದ್ದರೆ ಅವರಿಬ್ಬರಿಗೆ ಅನ್ಯಾಯ ಆಗ್ತದೆ ಎಂದರು. ಮುಖ ಕೆಂಪಾಗಿ, ಉಳಿದದ್ದನ್ನೆಲ್ಲ ಸಪ್ಪೆ ದನಿಯಲ್ಲಿ ಓದಿದೆ. ಅವರ ಮುಖ ನೋಡುತ್ತ ಓದುವುದು ಇನ್ನೊಂದು ಕಷ್ಟ. ಹುಬ್ಬು ಗಂಟಾದರೆ ಯಾವ ವಾಕ್ಯಕ್ಕೆ ಗಂಟಾಯಿತು ಎಂದು ಹುಡುಕುವಷ್ಟರಲ್ಲಿ ನಾನು ಸಾಲು ತಪ್ಪಿರುತ್ತಿದ್ದೆ. ನಾಲ್ಕನೆಯ ಅಧ್ಯಾಯ ನಮ್ಮಪ್ಪನ ಮಿಲ್ಲಿನದು. ಅದನ್ನು ಓದುವಾಗ ಮೇಷ್ಟ್ರು ಕೂತಲ್ಲೇ ಕಿಟಕಿ ಕಡೆ ತಿರುಗಿಬಿಟ್ಟರು. ಓದು ಮುಗಿದ ಭಾನುವಾರ, ಪುಸ್ತಕವನ್ನು ಟೀಚರಮ್ಮನಿಗೆ ಒಪ್ಪಿಸುವಾಗ ನಾನು ಇರಬಾರದು ಎಂದು ನನ್ನನ್ನು ಬೇಗ ಬಸ್ಸಿಗೆ ಕಳಿಸಿದರು.

ಮುಂದಿನ ಭಾನುವಾರ ಬರೆದುಕೊಳ್ಳುವ ಕೆಲಸ. ಹತ್ತಿಯ ಪುಸ್ತಕದ ಬಗ್ಗೆ ಅವರು ಹೇಳಿದ್ದು ಎಂದಿನ ಹಾಗೆ ಖಡಕ್ಕಾಗಿತ್ತು. ಮಂಡಿಯ ಪುಸ್ತಕದಲ್ಲಿ ಒಂದು ವಾದ ಎಲ್ಲಿ ಮುಗ್ಗರಿಸಿದೆ ಎಂಬುದನ್ನು ಲೇಖಕರಿಗೆ ನೋವಾಗದ ಹಾಗೆ, ಆದರೆ ತಪ್ಪಿಸಿಕೊಳ್ಳಲಾಗದ ಹಾಗೆ ಹಿಡಿದು ತೋರಿಸಿದರು. ನನ್ನ ಪುಸ್ತಕದ ಸರದಿ ಬಂತು. ಗಂಟಲು ಸರಿಮಾಡಿಕೊಂಡರು. ನೀರು ಕುಡಿದರು. ಆಮೇಲೆ, “ಈ ಕೃತಿ ತನ್ನ ವ್ಯಾಪ್ತಿಯಲ್ಲಿ ಗಮನಾರ್ಹವಾದುದು,” ಎಂದರು. ಬರೆದೆ. “ಮಿಲ್ಲುಗಳ ಕುರಿತ ಅಧ್ಯಾಯದಲ್ಲಿ ಇನ್ನಷ್ಟು ವಿವರಗಳಿದ್ದಿದ್ದರೆ ಕೃತಿಯ ಮೌಲ್ಯ ಹೆಚ್ಚುತ್ತಿತ್ತು.”

ಪೆನ್ನು ಹಾಗೇ ನಿಂತಿತು. ಅವರ ಬಾಯಿಂದ ಅಂಥ ಮಾತು ಬಂದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಪುಸ್ತಕ ಅಷ್ಟು ಕೆಟ್ಟದಾಗಿದೆಯಾ, ಬೈಯಲಿಕ್ಕೂ ಲಾಯಕ್ಕಿಲ್ಲವಾ ಎಂದು ಮೊದಲು ಹೆದರಿಕೆಯಾಯಿತು. ಹೆದರಿಕೆ ಹೋಗಿ ಸಿಟ್ಟು ಬಂತು. ನನಗೆ ಸಿಟ್ಟು ಬಂದರೆ ಗುರು-ಹಿರಿಯರು ಅಂತ ನೋಡುವವಳಲ್ಲ ನಾನು.

“ಸರ್, ಇದನ್ನ ನಾನು ಬರ್ಕೊಳಲ್ಲ,” ಎಂದೆ. “ಇಂಥದ್ದು ಮದುವೆ ಊಟದ ಮಾತು ಅಂತ ನನಗೆ ಹೇಳ್ಕೊಟ್ಟಿದ್ದೇ ನೀವು.”

ಪಕ್ಕದ ಮನೆಯಲ್ಲಿ ಮಗ್ಗ ನಡೆಯುತ್ತಿತ್ತು. ಮೇಷ್ಟ್ರು ನೀರಿನ ಲೋಟವನ್ನು ಆಚೆ ಸರಿಸಿ, “ನಿಮ್ಮಪ್ಪ ನನ್ನನ್ನ ಎದುರಿಗೆ ಕೂರಿಸ್ಕೊಂಡು ಊಟ ಹಾಕಿದಾನೆ ಕಣಮ್ಮ. ನೀನು ಬೇರೆ ಮುಂದೇನೇ ಕೂತಿದೀಯ. ಹೆಂಗೆ ಹೇಳ್ಲಿ?” ಎಂದರು.

ಅಷ್ಟು ವರ್ಷಗಳಲ್ಲಿ ಅವರು ತೊದಲಿದ್ದನ್ನು ನೋಡಿದ್ದು ಅದೊಂದೇ ಸಲ. ನನಗೆ ಅಳು ಬರುವ ಹಾಗಾಯಿತು. ಕೇಳಿಸಿಕೊಂಡ ಟೀಚರಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನನ್ನ ಕೈಯಿಂದ ಪೆನ್ನು ಕಿತ್ತುಕೊಂಡರು. “ನೀನು ಎದ್ದು ಹೊರಗೋಗು. ನಾನು ಬರ್ಕೊಳ್ತೀನಿ. ಈಯಪ್ಪ ಏನಂತಾರೋ ನಾನೂ ನೋಡ್ತೀನಿ,” ಎಂದರು. ಹೊಸಲು ದಾಟುವಾಗ ನನ್ನ ಹಿಂದೆ ಬಾಗಿಲು ಹಾಕಿಕೊಂಡ ಸದ್ದೂ ಕೇಳಿತು.

ಪಕ್ಕದ ನೇಕಾರರ ಮನೆಯ ಮಗ್ಗದ ಹತ್ತಿರ ಹೋಗಿ ಕೂತೆ. ಅಲ್ಲಿ ಕೂತರೆ ಮಗ್ಗದ ಸದ್ದಿನಲ್ಲಿ ಗೋಡೆಯಾಚೆಯ ಮಾತು ಒಂದಕ್ಷರವೂ ಕೇಳುವುದಿಲ್ಲ. ಮನೆಯಾಕೆ ಕಾಫಿ ಕೊಟ್ಟು, ಜಗಳ ಆಯ್ತಾ ಎಂದು ಕಿವಿಯ ಹತ್ತಿರ ಬಂದು ತೆಲುಗಿನಲ್ಲಿ ಕೇಳಿದರು. ಇಲ್ಲ, ನನ್ನ ಪುಸ್ತಕದ ಬಗ್ಗೆ ಬರೀತಿದಾರೆ ಎಂದೆ. ಅದು ಜಗಳಕ್ಕಿಂತ ದೊಡ್ಡದು ಎಂದು ಆಕೆಗೆ ನನ್ನ ಮುಖ ನೋಡಿಯೇ ಅರ್ಥವಾಗಿರಬೇಕು, ಮತ್ತೆ ಏನೂ ಕೇಳಲಿಲ್ಲ. ಸೀರೆಯ ಅಂಚು ಒಂದು ಗೇಣು ಮುಂದೆ ಹೋಗುವವರೆಗೆ ಅಲ್ಲೇ ಕೂತಿದ್ದೆ. ಟೀಚರಮ್ಮ ಬಂದು ಊಟಕ್ಕೆ ಕರೆಯುವಾಗ ಅವರ ಕೈಯಲ್ಲಿ ಅಂಟಿಸಿದ ಲಕೋಟೆ ಇತ್ತು. ದಾರಿಯಲ್ಲಿ ಹಾನಗಲ್ ಕ್ರಾಸಿನಲ್ಲಿ ಅಂಚೆಗೆ ಹಾಕ್ತೀನಿ ಕೊಡಿ ಎಂದೆ. ನಿನ್ನ ಕೈಗೆ ಮಾತ್ರ ಕೊಡಲ್ಲ ಎಂದು ನಕ್ಕು ಅದನ್ನು ದೇವರ ಗೂಡಿನಲ್ಲಿಟ್ಟರು.

ಸಂಚಿಕೆ ಬರುವವರೆಗೆ ನಾನು ಭಾನುವಾರದ ಓದು ನಿಲ್ಲಿಸಲಿಲ್ಲ. ಇಬ್ಬರೂ ಆ ಲೇಖನದ ಬಗ್ಗೆ ಬಾಯಿ ಬಿಡಲಿಲ್ಲ. ಊಟಕ್ಕೆ ಬಡಿಸುವಾಗ ಟೀಚರಮ್ಮ ನನಗೆ ಒಂದು ಚಮಚ ತುಪ್ಪ ಹೆಚ್ಚು ಹಾಕುವುದನ್ನು ನೋಡಿ, ಇದು ಸಮಾಧಾನಕ್ಕೋ ಸಂತೋಷಕ್ಕೋ ಎಂದು ತಲೆ ಕೆಡಿಸಿಕೊಂಡೆ.

ಪತ್ರಿಕೆ ಕಾಲೇಜಿನ ವಿಳಾಸಕ್ಕೆ ಬಂತು. ಪಾಠ ಮುಗಿಸಿ ಬಂದು, ಖಾಲಿಯಾಗಿದ್ದ ಸ್ಟಾಫ್ ರೂಮಿನಲ್ಲಿ ಫ್ಯಾನಿನ ಕೆಳಗೆ ಕೂತು ಓದಿದೆ. ಮೊದಲ ಪ್ಯಾರಾದಲ್ಲೇ ಮೇಷ್ಟ್ರು ಎಲ್ಲ ಬಿಚ್ಚಿ ಹೇಳಿದ್ದರು: ಮೂರನೆಯ ಪುಸ್ತಕದ ಲೇಖಕಿ ನನ್ನ ವಿದ್ಯಾರ್ಥಿನಿ, ಕಣ್ಣು ಮಂಜಾದ ಮೇಲೆ ನನಗೆ ಓದಿ ಹೇಳುತ್ತಿರುವವರೂ ಇವರೇ, ಅವರ ತಂದೆ ನನ್ನ ಸ್ನೇಹಿತರು, ಓದುಗರು ನನ್ನ ಮಾತನ್ನು ಇದನ್ನೆಲ್ಲ ತಿಳಿದು ತೂಗಬೇಕು. ನನ್ನನ್ನು ಅವರು ಬಹುವಚನದಲ್ಲಿ ಕರೆದದ್ದು ಅದೇ ಮೊದಲು.

ಪುಸ್ತಕ ಏನು ಹೇಳುತ್ತದೆ ಎಂಬುದಕ್ಕೆ ಒಂದು ಇಡೀ ಪುಟ ಕೊಟ್ಟಿದ್ದರು. ನಮ್ಮ ಹೊಲಗಳಿಗೆ ಶೇಂಗಾ ಹೇಗೆ ಬಂತು ಎಂದು ಬಹಳ ಜನ ಬರೆದಿದ್ದಾರೆ, ಅದು ಬಂದಾಗ ನವಣೆ, ಸಾಮೆ, ಹಾರಕ ಯಾವ ಹೊಲದಿಂದ ಯಾವ ಕ್ರಮದಲ್ಲಿ ಎದ್ದುಹೋದವು, ಅವುಗಳ ಜೊತೆ ಅಡುಗೆಮನೆಯಿಂದ ಏನು ಹೋಯಿತು ಎಂದು ಕೇಳಿದವರು ಇವರೇ ಎಂದು ಪುಟಸಂಖ್ಯೆ ಸಮೇತ ಬರೆದಿದ್ದರು. ನನ್ನ ಪುಸ್ತಕ ಅದೇ ಮಾತನ್ನು ಹೇಳುತ್ತಿದೆ ಎಂದು ನನಗೆ ಅಷ್ಟು ನಿಚ್ಚಳವಾಗಿ ಗೊತ್ತಿರಲಿಲ್ಲ. ಅಲ್ಲಲ್ಲಿ ಚೆಲ್ಲಿಹೋದದ್ದನ್ನು ಅವರು ಒಂದೆಡೆ ಕೂಡಿಸಿ ಇಟ್ಟಿದ್ದರು.

ಅದಾದ ಮೇಲೆ ನಾಲ್ಕನೆಯ ಅಧ್ಯಾಯ. ‘ಈ ಅಧ್ಯಾಯವನ್ನು ಲೇಖಕಿ ಮಾಲೀಕರ ಗಾದಿಯ ಮೇಲೆ ಕೂತು ಬರೆದಿದ್ದಾರೆ’ ಎಂದು ಶುರುವಾಗಿತ್ತು. ಮಿಲ್ಲಿನ ಮಾಲೀಕರ ಕಷ್ಟಸುಖ ಇಲ್ಲಿ ಹೃದಯ ತುಂಬಿ ಬಂದಿದೆ. ಅಂಗಳದಲ್ಲಿ ಕೂತು ಬೀಜ ಆರಿಸಿದ ಹೆಂಗಸರು ಒಂದು ಫೋಟೋದ ಅಡಿಬರಹದಲ್ಲಿ ಮಾತ್ರ ಇದ್ದಾರೆ. ಅವರಲ್ಲಿ ಒಬ್ಬರನ್ನೂ ಲೇಖಕಿ ಮಾತಾಡಿಸಿಲ್ಲ. ಮಗಳಾಗಿ ಬರೆದದ್ದು ಸಹಜ, ಚರಿತ್ರಕಾರ್ತಿಯಾಗಿ ಬರೆದದ್ದು ಸಾಲದು. ಈ ಅಧ್ಯಾಯವನ್ನು ಇವರು ಮತ್ತೆ ಬರೆಯಬೇಕು, ಬರೆಯಬಲ್ಲರು.

ಓದಿ ಪತ್ರಿಕೆಯನ್ನು ಬ್ಯಾಗಿಗೆ ತುರುಕಿದೆ. ಖರೇ ಹೇಳುತ್ತೇನೆ, ಬಹಳ ನೋವಾಯಿತು. ಖಾರವಾಗಿ ಬರೆಯಿರಿ ಎಂದು ಹಟ ಮಾಡಿದವಳು ನಾನೇ, ಆದರೆ ಖಾರ ನಮ್ಮಪ್ಪನ ಮೇಲೆ ಬೀಳುತ್ತದೆ ಎಂದು ಅಂದುಕೊಂಡಿರಲಿಲ್ಲ. ಆ ಭಾನುವಾರ ಮೊಳಕಾಲ್ಮೂರಿಗೆ ಹೋಗಲಿಲ್ಲ. ಟೀಚರಮ್ಮ ಫೋನು ಮಾಡಿದರು, ಮೈಗೆ ಹುಷಾರಿಲ್ಲ ಎಂದೆ. ಸುಳ್ಳು ಎಂದು ಅವರಿಗೂ ಗೊತ್ತು. ಆಯ್ತು, ರೆಸ್ಟ್ ತಗೋ ಎಂದಷ್ಟೇ ಹೇಳಿದರು.

ಮನೆಯಲ್ಲಿ ಒಬ್ಬಳೇ ಕೂತು ನಾಲ್ಕನೆಯ ಅಧ್ಯಾಯವನ್ನು ತೆಗೆದೆ. ಬರೆದವಳು ಬೇರೆ ಯಾರೋ, ನಾನು ಅದನ್ನು ವಿಮರ್ಶೆ ಮಾಡಬೇಕಾಗಿದೆ ಎಂದುಕೊಂಡು ಪೆನ್ಸಿಲ್ ಹಿಡಿದು ಓದಿದೆ. ಅರ್ಧ ದಾಟುವಷ್ಟರಲ್ಲಿ ಮೇಷ್ಟ್ರು ಎಷ್ಟು ಸೌಮ್ಯವಾಗಿ ಬರೆದಿದ್ದಾರೆ ಅನ್ನಿಸಿತು. ನಾನಾಗಿದ್ದರೆ ಇನ್ನೂ ಬಿಗಿಯಾಗಿ ಬರೆಯುತ್ತಿದ್ದೆ. ಎಷ್ಟು ಜನರಿಗೆ ಹೀಗೆ ಓದುವವರು ಸಿಗುತ್ತಾರೆ? ಸ್ನೇಹಿತನ ಮಗಳು, ಮನೆಗೆ ಬಂದು ಓದಿ ಹೇಳುವವಳು, ಅವಳಿಗೆ ಎರಡು ಒಳ್ಳೆಯ ಮಾತು ಬರೆದು ಮುಗಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವರು ಅದನ್ನು ಬಿಟ್ಟು, ನಾನು ಸಿಟ್ಟಾಗಿ ಬರುವುದನ್ನೇ ನಿಲ್ಲಿಸಬಹುದು ಎಂದು ಗೊತ್ತಿದ್ದೂ, ಇದ್ದದ್ದನ್ನು ಹೇಳಿದ್ದರು. ನಾನು ಹೋಗುವುದು ನಿಂತರೆ ಅವರ ಓದೇ ನಿಲ್ಲುತ್ತಿತ್ತು. ಅದು ಹೊಳೆದಾಗ ಮಾತ್ರ ಕಣ್ಣು ತುಂಬಿ ಬಂತು.

ಮುಂದಿನ ಭಾನುವಾರ ಹೋದೆ. ಬಾಗಿಲಲ್ಲಿ ನಿಂತದ್ದು ಯಾರೆಂದು ಅವರಿಗೆ ಕಾಣಲಿಲ್ಲ. ಚಪ್ಪಲಿ ಬಿಟ್ಟ ಸದ್ದಿಗೆ ಗುರುತು ಹಿಡಿದು, “ಬಂದೆಯಾ,” ಎಂದರು. ಬಂದೆ ಸರ್ ಎಂದೆ. ಟೇಬಲ್ಲಿನ ಮೇಲಿದ್ದ ಪುಸ್ತಕ ತೆಗೆದುಕೊಂಡು ಓದಲು ಕೂತೆ. ಟೀಚರಮ್ಮ ನನ್ನ ಕೆನ್ನೆ ಹಿಂಡಿ ಒಳಗೆ ಹೋದರು.

ಆಮೇಲೆ ನಾನು ಮಾಡಬೇಕಾದದ್ದನ್ನು ಮಾಡಿದೆ. ಅಪ್ಪನ ಮಿಲ್ಲು ಮುಚ್ಚಿ ಬಹಳ ಕಾಲವಾಗಿದೆ, ಆದರೆ ಅದರ ಹಿಂದಿನ ಬೀದಿಯಲ್ಲಿ ಆ ಅಂಗಳದಲ್ಲಿ ಕೂತು ಬೀಜ ಆರಿಸಿದ ಹೆಂಗಸರು ಇನ್ನೂ ಇದ್ದಾರೆ. ಪರಶುರಾಂಪುರದ ಕಡೆಗೆ ಮಗಳ ಮನೆ ಸೇರಿದವರನ್ನೂ ಬಸ್ಸು ಹಿಡಿದು ಹೋಗಿ ಕಂಡೆ. ಮೊದಲು ಎಲ್ಲರೂ ಅಪ್ಪನನ್ನು ಹೊಗಳಿದರು. ಹೊಗಳಿಕೆ ಮುಗಿದ ಮೇಲೆ ನಿಜವಾದ ಮಾತು ಶುರುವಾಯಿತು: ಮೂಗಿಗೆ ಬಟ್ಟೆ ಕಟ್ಟಿಕೊಂಡರೂ ಒಳಗಿಳಿಯುತ್ತಿದ್ದ ಧೂಳು, ಕೂಸನ್ನು ಖಾಲಿ ಚೀಲದ ಮೇಲೆ ಮಲಗಿಸಿ ಆರಿಸುತ್ತಿದ್ದದ್ದು, ಸಂಜೆ ಒಟ್ಟಿಗೆ ಮನೆಗೆ ಹೋಗುವಾಗಿನ ನಗೆ. ಅವರಲ್ಲಿ ಒಬ್ಬಾಕೆ, “ನಿನ್ನ ಲಂಗ ನನಗೆ ನೆನಪೈತೆ. ನೀನು ಆ ಬಾಗಿಲ ತಾವ ನಿಂತು ನೋಡ್ತಿದ್ದೆ, ಈ ಕಡೆ ಬರ್ತಿರ್ಲಿಲ್ಲ,” ಎಂದರು. ಆಕೆಯ ದನಿಯಲ್ಲಿ ದೂರಿರಲಿಲ್ಲ. ನನ್ನ ಬಾಲ್ಯ ಇನ್ನೊಬ್ಬರ ಕಣ್ಣಿಗೆ ಹೇಗೆ ಕಂಡಿತ್ತೋ ಅದನ್ನು ಆಕೆ ನನಗೆ ಕೊಟ್ಟರು, ನಾನು ಅದನ್ನು ತಂದುಕೊಂಡೆ.

ಗ್ರಂಥಾಲಯಗಳು ಪುಸ್ತಕ ಕೊಂಡದ್ದರಿಂದ ಎರಡನೆಯ ಮುದ್ರಣದ ಮಾತು ಬಂದಿತ್ತು. ಅದಕ್ಕೆಂದು ನಾಲ್ಕನೆಯ ಅಧ್ಯಾಯವನ್ನು ಮೊದಲಿನಿಂದ ಮತ್ತೆ ಬರೆದೆ. ಅಪ್ಪ ಅದರಲ್ಲಿ ಇದ್ದಾರೆ, ಆದರೆ ಒಬ್ಬರೇ ಇಲ್ಲ. ಅಚ್ಚಿಗೆ ಕಳಿಸುವ ಮೊದಲು ಹಾಳೆಗಳನ್ನು ತೆಗೆದುಕೊಂಡು ಮೊಳಕಾಲ್ಮೂರಿಗೆ ಹೋದೆ. ಮೇಷ್ಟ್ರು ಹೊರಗಿನ ಜಗುಲಿಯಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಆ ಪತ್ರಿಕೆ ಮರುಮುದ್ರಣಗಳನ್ನು ವಿಮರ್ಶೆಗೆ ತೆಗೆದುಕೊಳ್ಳುವುದಿಲ್ಲ, ಅದು ಇಬ್ಬರಿಗೂ ಗೊತ್ತು. ಆದರೂ ಅಭ್ಯಾಸಬಲದಿಂದ, ಬರ್ಕೊಳ್ಳೋಕೆ ಹಾಳೆ ತರಲಾ ಸರ್ ಎಂದು ಕೇಳಿದೆ.

“ಬೇಡ ಕಣಮ್ಮ,” ಎಂದರು ಮೇಷ್ಟ್ರು. “ಇಷ್ಟು ವರ್ಷ ಯಾವ ಪುಸ್ತಕಾನೂ ನಾನು ಸುಮ್ನೆ ಓದಿಲ್ಲ. ಓದೋವಾಗ್ಲೇ ಬರೆಯೋದು ತಲೇಲಿ ಓಡ್ತಿರೋದು. ಇದರ ಮೇಲೆ ನಾನೇನೂ ಬರೀಬೇಕಾಗಿಲ್ಲ. ಇದನ್ನ ಸುಮ್ನೆ ಕೇಳ್ತೀನಿ. ನಿನಗೆ ಹೆಂಗೆ ಬೇಕೋ ಹಂಗೆ ಓದು.”

ಟೀಚರಮ್ಮನೂ ಬಂದು ಹೊಸಲ ಮೇಲೆ ಕೂತರು. ನಾನು ಓದಲು ಶುರುಮಾಡಿದೆ.